ಹೊರದೇಶದ ಪತ್ರಿಕೆಯಲ್ಲಿ ಕವಿತೆ ಬಂದಿದೆ, ಊರಿಗೆ ಹೇಗೆ ತಿಳಿಸಲಿ?

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕನ್ನಡದಲ್ಲಿ ವೈಜ್ಞಾನಿಕ ಕಲ್ಪನೆಯ ಕವಿತೆಗಳನ್ನು ಬರೆದು, ಅವನ್ನು ನಾನೇ ಇಂಗ್ಲಿಷಿಗೆ ತರುತ್ತಿದ್ದೇನೆ. ಈ ವರ್ಷ ಅಂಥ ಎರಡು ಕವಿತೆಗಳು ವಿದೇಶದ ಸ್ಪೆಕ್ಯುಲೇಟಿವ್ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಚಳ್ಳಕೆರೆಯ ರನ್‌ವೇ ಕುರಿತದ್ದು ಅಂತರ್ಜಾಲ ಪತ್ರಿಕೆಯಲ್ಲಿ, ವಾಣಿವಿಲಾಸ ಸಾಗರದ ಕೋಡಿ ಕುರಿತದ್ದು ಅಚ್ಚಿನ ಪತ್ರಿಕೆಯಲ್ಲಿ. ಮೂರನೆಯದು ಸ್ವೀಕೃತವಾಗಿದೆ, ಇನ್ನೂ ಬಂದಿಲ್ಲ. ಸಾಹಿತ್ಯ ಪರಿಷತ್ತಿನ ಗೆಳೆಯರಿಗೆ, ಸಹೋದ್ಯೋಗಿಗಳಿಗೆ, ಊರಿನ ಪತ್ರಿಕೆಗಳಿಗೆ ಈ ಸುದ್ದಿಯನ್ನು ಹೇಗೆ ತಿಳಿಸಬೇಕು? ಕವಿತೆಯನ್ನು ಪೂರ್ತಿಯಾಗಿ ಹಂಚಬಹುದೇ? ಕನ್ನಡ ಮೂಲವನ್ನು ಇಲ್ಲಿನ ಪತ್ರಿಕೆಗೆ ಕಳಿಸಬಹುದೇ? ನಾನೇ ಹೇಳಿಕೊಂಡರೆ ಜಂಬ ಎನ್ನುತ್ತಾರೇನೋ ಎಂಬ ಅಳುಕೂ ಇದೆ. (ಹೆಸರು ಬೇಡ ಎಂದು ಕೋರಿದ್ದಾರೆ.)

ಉತ್ತರ: ಅಳುಕಿನ ಮಾತನ್ನು ಮೊದಲು ಮುಗಿಸಿಬಿಡೋಣ. ಕನ್ನಡದ ಮಾಸಪತ್ರಿಕೆಯಲ್ಲಿ ಕವಿತೆ ಬಂದರೆ ನೀವು ಬಾಯಿ ಬಿಡದಿದ್ದರೂ ನಾಲ್ಕು ಜನ ನೋಡಿಯೇ ನೋಡುತ್ತಾರೆ. ಬಸ್ ನಿಲ್ದಾಣದ ಅಂಗಡಿಯಲ್ಲಿ, ತಾಲ್ಲೂಕು ಗ್ರಂಥಾಲಯದ ಮೇಜಿನ ಮೇಲೆ ಆ ಪತ್ರಿಕೆ ಇರುತ್ತದೆ. ನಿಮ್ಮ ಕವಿತೆಗಳು ಬಂದಿರುವ ಪತ್ರಿಕೆಗಳಿಗೆ ಚಿತ್ರದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ಅಂಥ ನೆಲೆಯಿಲ್ಲ. ನೀವು ತಿಳಿಸದಿದ್ದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ತಿಳಿಸುವುದು ನಿಮ್ಮ ಕೆಲಸವೇ ಆಗುತ್ತದೆ. ಜನ ಜಂಬ ಎನ್ನುವುದು ಸುದ್ದಿ ಹೇಳಿದ್ದಕ್ಕಲ್ಲ. ಸುದ್ದಿಯಲ್ಲಿ ಕವಿಯ ಭಾವಚಿತ್ರ ದೊಡ್ಡದಾಗಿದ್ದು ಕವಿತೆಯ ಸುಳಿವೇ ಇಲ್ಲದಿದ್ದಾಗ. ಓದಿದವರು ಕವಿತೆಯ ಬಳಿಗೆ ಹೋಗುವಂತೆ ಬರೆದ ಸುದ್ದಿಗೆ ಆ ದೋಷ ಅಂಟುವುದು ಕಡಿಮೆ. ಮುಂದೆ ಹೇಳುವುದೆಲ್ಲವೂ ಈ ಒಂದು ಉದ್ದೇಶವನ್ನೇ ಅವಲಂಬಿಸಿದೆ.

ನಿಮ್ಮ ಪತ್ರದಲ್ಲಿ ಸ್ವೀಕೃತ ಮತ್ತು ಪ್ರಕಟಿತ ಎಂಬ ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿ ಹೇಳಿದ್ದೀರಿ. ಸುದ್ದಿಯಲ್ಲಿಯೂ ಆ ಗೆರೆ ಅಳಿಸದಿರಲಿ. ಪತ್ರಿಕೆಯವರು ‘ಕವಿತೆಯನ್ನು ತೆಗೆದುಕೊಳ್ಳುತ್ತೇವೆ’ ಎಂದು ಬರೆದ ದಿನಕ್ಕೂ ಅದು ಓದುಗರ ಕೈಗೆ ಸಿಗುವ ದಿನಕ್ಕೂ ನಡುವೆ ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಸರಿಯುತ್ತದೆ. ಈ ನಡುವೆ ಪತ್ರಿಕೆಯೇ ನಿಂತುಹೋಗುವುದೂ ಉಂಟು. ಇಂಥ ಪತ್ರಿಕೆಗಳಲ್ಲಿ ಬಹುಪಾಲು ನಾಲ್ಕಾರು ಜನ ಸಂಬಳವಿಲ್ಲದೆ, ಓದುಗರ ವಂತಿಗೆಯ ಬಲದಿಂದ ನಡೆಸುವಂಥವು. ಆದ್ದರಿಂದ ಮೂರನೆಯ ಕವಿತೆಯ ವಿಷಯವನ್ನು ಒಪ್ಪಂದಕ್ಕೆ ಸಹಿಯಾಗುವವರೆಗೆ ಹೊರಗೆ ಹೇಳಬೇಡಿ. ಸಹಿಯಾದ ಮೇಲೂ ಸಂಚಿಕೆಯ ಪರಿವಿಡಿಯನ್ನು ಪತ್ರಿಕೆಯವರೇ ಮೊದಲು ಪ್ರಕಟಿಸಲಿ ಎಂಬ ನಿಯಮವಿದೆಯೇ ಎಂದು ನೋಡಿಕೊಂಡು, ಇದ್ದರೆ ಕಾಯಿರಿ. ಓದಲು ಇನ್ನೂ ಏನೂ ಇಲ್ಲದ ಸುದ್ದಿಗೆ ಬರುವ ಅಭಿನಂದನೆಗಳು ಕವಿತೆ ಬಂದ ದಿನ ಮತ್ತೆ ಬರುವುದಿಲ್ಲ ಎಂಬುದು ಇನ್ನೊಂದು ಲೆಕ್ಕಾಚಾರ.

ಪತ್ರಿಕೆಯ ಹೆಸರನ್ನಷ್ಟೇ ಬರೆದರೆ ಇಲ್ಲಿನವರಿಗೆ ಏನೂ ಹೊಳೆಯುವುದಿಲ್ಲ. ಒಂದು ವಾಕ್ಯದ ಪರಿಚಯ ಬೇಕು, ಅದೂ ಬಣ್ಣ ಬಳಿಯದ ಪರಿಚಯ. ಸ್ಪೆಕ್ಯುಲೇಟಿವ್ ಎಂದರೆ ಇರುವ ಲೋಕವನ್ನು ದಾಟಿ ಇರಬಹುದಾದ ಲೋಕವೊಂದನ್ನು ಊಹಿಸಿ ಬರೆಯುವ ಸಾಹಿತ್ಯ. ವೈಜ್ಞಾನಿಕ ಕಲ್ಪನೆ, ಅದ್ಭುತ, ಭಯಾನಕ ಮೂರೂ ಅದರೊಳಗೆ ಬರುತ್ತವೆ ಎಂದಿಷ್ಟು ಹೇಳಿದರೆ ಸಾಕು. ಈ ಕ್ಷೇತ್ರದ ಪತ್ರಿಕೆಗಳ ಪೂರ್ವೋತ್ತರ ನಿಮಗೆ ಗೊತ್ತಿದ್ದರೆ ಪರಿಚಯ ತಾನಾಗಿ ಖಚಿತವಾಗುತ್ತದೆ. ಅಮೆರಿಕದ ‘ಅನಲಾಗ್’ 1930ರಲ್ಲಿ ಬೇರೆ ಹೆಸರಿನಿಂದ ಶುರುವಾದದ್ದು, ‘ಅಸಿಮೋವ್ಸ್’ 1977ರದು. ಎರಡೂ ಮುಖ್ಯವಾಗಿ ಕಥೆಗಳ ಪತ್ರಿಕೆಗಳಾದರೂ ಕವಿತೆಗಳಿಗೆ ಜಾಗ ಕೊಡುತ್ತ ಬಂದಿವೆ. 2000ದಲ್ಲಿ ಆರಂಭವಾದ ‘ಸ್ಟ್ರೇಂಜ್ ಹೊರೈಜನ್ಸ್’ ಅಂತರ್ಜಾಲದ ವಾರಪತ್ರಿಕೆ. ಯಾರು ಬೇಕಾದರೂ ಹಣ ಕೊಡದೆ ಓದಬಹುದು. ‘ಅನ್‌ಕ್ಯಾನಿ’ 2014ರಲ್ಲಿ ಬಂತು. ಕವಿತೆಗೇ ಮೀಸಲಾದ ‘ಸ್ಟಾರ್‌ಲೈನ್’ ಪತ್ರಿಕೆಯನ್ನು ವೈಜ್ಞಾನಿಕ ಹಾಗೂ ಅದ್ಭುತ ಕಾವ್ಯದ ಸಂಘವೊಂದು ನಡೆಸುತ್ತದೆ; ಸುಜೆಟ್ ಹೇಡನ್ ಎಲ್ಗಿನ್ ಎಂಬ ಭಾಷಾವಿಜ್ಞಾನಿ 1978ರಲ್ಲಿ ಆ ಸಂಘವನ್ನು ಕಟ್ಟಿದರು. ಹೀಗೆ ಒಂದು ಪತ್ರಿಕೆ ಎಂದಿನದು, ಯಾರು ನಡೆಸುತ್ತಾರೆ, ಓದುವುದು ಹೇಗೆ ಎಂದು ತಿಳಿಸುವುದು ಪರಿಚಯ. ‘ವಿಶ್ವವಿಖ್ಯಾತ’, ‘ಪ್ರತಿಷ್ಠಿತ’ ಎಂಬ ವಿಶೇಷಣಗಳು ನಮ್ಮ ಸಭೆಗಳ ನಿರೂಪಣೆಯಲ್ಲಿ ಎಷ್ಟು ಸವೆದಿವೆಯೆಂದರೆ, ಅವನ್ನು ಕೇಳಿದೊಡನೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ.

ಗೌರವಧನದ ಮೊತ್ತವನ್ನು ಸುದ್ದಿಯಲ್ಲಿ ಹಾಕಬೇಕಾಗಿಲ್ಲ.

ಪತ್ರಿಕೆಯ ಪರಿಚಯಕ್ಕಿಂತ ಕವಿತೆಯ ಪರಿಚಯ ಮುಖ್ಯ, ಮತ್ತು ಈ ವಿಷಯದಲ್ಲಿ ನಿಮಗೆ ಬೇರೆ ಕವಿಗಳಿಗಿಲ್ಲದ ಅನುಕೂಲವಿದೆ. 2024ರ ಮಾರ್ಚ್ 22ರಂದು ಇಸ್ರೋದ ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ಒಳಗೆ ಯಾರೂ ಇಲ್ಲದೆ, ತಾನೇ ದಾರಿ ತಿದ್ದಿಕೊಂಡು ಬಂದು ಇಳಿದದ್ದು ಚಳ್ಳಕೆರೆ ಬಳಿಯ ಪರೀಕ್ಷಾ ನೆಲೆಯ ರನ್‌ವೇಯಲ್ಲಿ. ಅಂಥ ಮೊದಲ ಇಳಿತ 2023ರ ಏಪ್ರಿಲ್ 2ರಂದು, ಮೂರನೆಯದು 2024ರ ಜೂನ್ 23ರಂದು ಅಲ್ಲಿಯೇ ನಡೆದವು. ಅಮೃತಮಹಲ್ ಕಾವಲಿನ ಹುಲ್ಲುಗಾವಲು, ಅದರಲ್ಲಿ ಮೇಯುವ ಕುರಿ ದನ, ಪಕ್ಕದಲ್ಲೇ ಆಕಾಶದಿಂದ ಇಳಿಯುವ ಯಂತ್ರ: ಹೊರದೇಶದ ಸಂಪಾದಕರು ಇದನ್ನು ಬರಿಯ ಕಲ್ಪನೆಯೆಂದು ಓದಿರಬಹುದು, ನಾಯಕನಹಟ್ಟಿಯ ಓದುಗರಿಗೆ ಇದು ನೆರೆಯ ಸಂಗತಿ. ಕೋಡಿಯ ಕವಿತೆಯೂ ಹಾಗೆಯೇ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆ ಜಲಾಶಯ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷಕ್ಕೊಮ್ಮೆ ಮರಳುವ ಅತಿಥಿಯಾಗಿ ನೀರನ್ನು ಕಂಡಿರುವ ನಿಮ್ಮ ಕಲ್ಪನೆಗೆ ಹಿರಿಯೂರಿನವರ ಮುಂದೆ ಅಡಿಟಿಪ್ಪಣಿ ಬೇಡ. ಆ ವರ್ಷ ಅವರೆಲ್ಲ ಕುಟುಂಬಸಮೇತ ಹೋಗಿ ನೋಡಿ ಬಂದಿದ್ದಾರೆ. ಊರಿನವರಿಗೆ ಕಳಿಸುವ ಸುದ್ದಿಯಲ್ಲಿ ಈ ಸ್ಥಳಗಳ ಹೆಸರು ಮೊದಲ ಎರಡು ಸಾಲಿನೊಳಗೆ ಬರಲಿ.

ಈ ಬಗೆಯ ಕವಿತೆ ನಮ್ಮವರಿಗೆ ಅರ್ಥವಾಗದು ಎಂಬ ಆತಂಕ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ. ಅಲ್ಲಮನ ಬೆಡಗಿನ ವಚನಗಳನ್ನು ಅನುಭಾವದ ಮಾತಾಗಿ ಕೇಳುತ್ತ ಬಂದ, ಶರೀಫಜ್ಜನ ತತ್ವಪದದಲ್ಲಿ ಕೋಳಿಯೊಂದು ಕೋತಿಯನ್ನು ನುಂಗಿದ್ದನ್ನು ತಾಳ ಹಾಕುತ್ತ ಹಾಡಿದ ಜನಕ್ಕೆ, ನಿಮ್ಮ ರನ್‌ವೇ ಕವಿತೆಯ ಮಾತಾಡುವ ವಿಮಾನ ವಿಚಿತ್ರವೆನಿಸಬೇಕಾಗಿಲ್ಲ.

ಸುದ್ದಿಯನ್ನು ಹೇಗೆ ತಿಳಿಸಬೇಕೆಂದು ಕೇಳಿದ್ದೀರಾದ್ದರಿಂದ, ನಿಮ್ಮ ಮೊದಲ ಕವಿತೆಗೆ ಹೊಂದುವಂತೆ ಒಂದು ಮಾದರಿಯನ್ನು ಬರೆದಿದ್ದೇನೆ. “ಚಳ್ಳಕೆರೆಯ ರನ್‌ವೇಗೆ ಇಳಿಯಲೊಲ್ಲದ ವಿಮಾನವೊಂದು ಕೆಳಗಿನ ಕಾವಲಿನಲ್ಲಿ ಮೇಯುವ ದನಗಳೊಡನೆ ಆಡುವ ಮಾತನ್ನು ಕವಿತೆಯಾಗಿಸಿದ್ದೆ. ಅದರ ಇಂಗ್ಲಿಷ್ ರೂಪ ಇಂಥ ಪತ್ರಿಕೆಯ ಇಂಥ ತಿಂಗಳ ಸಂಚಿಕೆಯಲ್ಲಿ ಪ್ರಕಟವಾಗಿದೆ. ವೈಜ್ಞಾನಿಕ ಮತ್ತು ಅದ್ಭುತ ಕಲ್ಪನೆಯ ಕಥೆ ಕವಿತೆಗಳಿಗೆ ಮೀಸಲಾದ ಅಂತರ್ಜಾಲ ಪತ್ರಿಕೆಯಿದು. ಓದಲು ಹಣ ಕೊಡಬೇಕಾಗಿಲ್ಲ. ಕನ್ನಡ ಮೂಲವೂ ಇಂಗ್ಲಿಷ್ ಅನುವಾದವೂ ನನ್ನದೇ. ಕೊಂಡಿ ಕೆಳಗಿದೆ. ಓದಿ ಅನಿಸಿದ್ದನ್ನು ತಿಳಿಸಿದರೆ ಸಂತೋಷ.” ಇಷ್ಟೇ. ಕೊಂಡಿ ಪತ್ರಿಕೆಯ ಮುಖಪುಟಕ್ಕೆ ಹೋಗದೆ ನೇರವಾಗಿ ಕವಿತೆಯ ಪುಟಕ್ಕೇ ಹೋಗಲಿ. ಮುಖಪುಟ ವಾರಕ್ಕೊಮ್ಮೆ ಬದಲಾಗುತ್ತದೆ, ಹುಡುಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅಚ್ಚಿನ ಪತ್ರಿಕೆಯ ವಿಷಯದಲ್ಲಿ ಕೊಂಡಿ ಇಲ್ಲದ್ದರಿಂದ, ಮುಖಪುಟದ ಮತ್ತು ಪರಿವಿಡಿಯ ಚಿತ್ರ, ಕವಿತೆಯ ನಾಲ್ಕಾರು ಸಾಲು, ಪ್ರತಿ ತರಿಸುವ ದಾರಿ, ಇವಿಷ್ಟನ್ನು ಕೊಡಿ. ಎರಡೂ ಸುದ್ದಿಗಳನ್ನು ಒಂದೇ ದಿನ ಒಟ್ಟಿಗೆ ಕಳಿಸಬೇಡಿ. ಎರಡು ಕವಿತೆ ಒಮ್ಮೆಗೇ ಬಂದರೆ ಯಾವುದನ್ನೂ ಯಾರೂ ಓದರು.

ಕವಿತೆಯನ್ನು ಪೂರ್ತಿಯಾಗಿ ಹಂಚಬಹುದೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಒಪ್ಪಂದಪತ್ರದಲ್ಲಿದೆ. ಇಂಥ ಪತ್ರಿಕೆಗಳು ಸಾಮಾನ್ಯವಾಗಿ ಕೇಳುವುದು ಮೂರು ಹಕ್ಕುಗಳನ್ನು: ಇಂಗ್ಲಿಷಿನಲ್ಲಿ ಮೊದಲು ಪ್ರಕಟಿಸುವ ಹಕ್ಕು, ಇಂತಿಷ್ಟು ತಿಂಗಳು ಬೇರೆಲ್ಲೂ ಪ್ರಕಟವಾಗಬಾರದೆಂಬ ನಿರ್ಬಂಧ, ಆ ಬಳಿಕ ತಮ್ಮ ಸಂಗ್ರಹದಲ್ಲಿ ಉಳಿಸಿಕೊಳ್ಳುವ ಹಕ್ಕು. ಎರಡನೆಯದರ ಅವಧಿ ಮುಗಿಯುವವರೆಗೆ ಇಡೀ ಇಂಗ್ಲಿಷ್ ಪಠ್ಯವನ್ನು ಫೇಸ್‌ಬುಕ್ಕಿನಲ್ಲೋ ವಾಟ್ಸ್‌ಆ್ಯಪ್ ಬಳಗದಲ್ಲೋ ಹಾಕುವುದು ಒಪ್ಪಂದ ಮುರಿದಂತೆ. ಅಚ್ಚಿನ ಪುಟದ ಫೋಟೊ ತೆಗೆದು ಹಾಕಿದರೂ ಅದೇ ತಪ್ಪು. ಚಿತ್ರವಾದ ಮಾತ್ರಕ್ಕೆ ಪಠ್ಯ ಬೇರೆಯಾಗುವುದಿಲ್ಲ. ಅವಧಿ ಮುಗಿದ ಮೇಲೆ ‘ಮೊದಲು ಇಂಥಲ್ಲಿ ಪ್ರಕಟ’ ಎಂಬ ಸಾಲಿನೊಂದಿಗೆ ಧಾರಾಳವಾಗಿ ಹಂಚಬಹುದು. ಇದರ ಇನ್ನೊಂದು ಮಗ್ಗುಲನ್ನೂ ಗಮನದಲ್ಲಿಡಿ: ಎಲ್ಲಿಗೂ ಕಳಿಸದ ಹೊಸ ಕವಿತೆಯನ್ನು ಉತ್ಸಾಹದಲ್ಲಿ ಫೇಸ್‌ಬುಕ್ಕಿಗೆ ಹಾಕಿಬಿಟ್ಟರೆ, ಬಹಳಷ್ಟು ಪತ್ರಿಕೆಗಳು ಅದನ್ನು ಆಗಲೇ ಪ್ರಕಟವಾದ ಕವಿತೆಯೆಂದು ಎಣಿಸಿ ಹಿಂದಿರುಗಿಸುತ್ತವೆ.

ಇನ್ನು ಕನ್ನಡ ಮೂಲ. ನಿಮ್ಮ ಪ್ರಶ್ನೆಗಳಲ್ಲಿ ನಿಜವಾಗಿ ತೂಕವುಳ್ಳದ್ದು ಇದು. ನಮ್ಮಲ್ಲಿ ಎರಡು ಭಾಷೆಗಳಲ್ಲಿ ಬರೆಯುವವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಸ್ವತಂತ್ರವಾಗಿ ಬರೆದ ಕವಿತೆಯ ಮೊದಲ ಒಡೆತನ ಬರೆದವರದು. 14ನೆಯ ಪ್ರಕರಣದಂತೆ ಅನುವಾದಿಸುವ ಹಕ್ಕೂ ಆ ಒಡೆತನದ ಭಾಗ. ಕನ್ನಡ ಮೂಲವೂ ನಿಮ್ಮದು, ಇಂಗ್ಲಿಷ್ ಅನುವಾದವೂ ನಿಮ್ಮದು, ಎರಡೂ ಬೇರೆಬೇರೆ ಕೃತಿಗಳು. ಪತ್ರಿಕೆ ಪಡೆದಿರುವುದು ‘ಇಂಗ್ಲಿಷ್ ಭಾಷೆಯಲ್ಲಿ ಮೊದಲ ಪ್ರಕಟಣೆಯ ಹಕ್ಕು’ ಎಂದಿದ್ದರೆ ಕನ್ನಡ ಮೂಲಕ್ಕೆ ಅದು ತಾಗುವುದಿಲ್ಲ. ನಾಳೆಯೇ ಅದನ್ನು ‘ಮಯೂರ’ಕ್ಕೋ ‘ತುಷಾರ’ಕ್ಕೋ ಕಳಿಸಲು ಅಡ್ಡಿಯಿಲ್ಲ. ಆದರೆ ಒಪ್ಪಂದದಲ್ಲಿ ‘ಎಲ್ಲ ಭಾಷೆಗಳಲ್ಲಿ’ ಎಂಬ ಮಾತೋ, ಅನುವಾದದ ಹಕ್ಕನ್ನೂ ಪತ್ರಿಕೆಗೇ ಮೀಸಲಿಡುವ ಸಾಲೋ ಇದ್ದರೆ ಸಹಿ ಮಾಡುವ ಮುನ್ನ ನಿಲ್ಲಿ. ‘ಈ ಕವಿತೆಯ ಮೂಲ ಕನ್ನಡದಲ್ಲಿದೆ, ಆ ಪಠ್ಯವನ್ನು ಪ್ರಕಟಿಸುವ ಹಕ್ಕು ನನ್ನಲ್ಲೇ ಉಳಿಯಬೇಕು’ ಎಂದು ಎರಡು ಸಾಲಿನ ಮಿಂಚಂಚೆ ಬರೆಯಿರಿ. ಹೊಸಬರು ಹೀಗೆ ಕೇಳಿದರೆ ಕವಿತೆಯನ್ನೇ ಕೈಬಿಡುತ್ತಾರೇನೋ ಎಂದು ಹೆದರುತ್ತಾರೆ. ಒಳ್ಳೆಯ ಸಂಪಾದಕರು ಇಂಥ ಮಾತಿಗೆ ಮುನಿಯುವುದಿಲ್ಲ, ಮುನಿಯುವವರಿಗೆ ಕವಿತೆ ಕೊಡದಿರುವುದೇ ಲೇಸು. ಮೂರನೆಯ ಕವಿತೆಯ ಒಪ್ಪಂದ ಇನ್ನೂ ಬಂದಿಲ್ಲವಾದರೆ ಇದನ್ನು ಈಗಲೇ ಕೇಳಿಕೊಳ್ಳಿ.

ನಮ್ಮ ಕಾಯಿದೆಯ 19ನೆಯ ಪ್ರಕರಣ ಕವಿಗಳಿಗೆ ಸಾಕಷ್ಟು ರಕ್ಷಣೆ ಕೊಡುತ್ತದೆ: ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು, ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಆದರೆ ವಿದೇಶಿ ಪತ್ರಿಕೆಯ ಒಪ್ಪಂದದ ಕೊನೆಯಲ್ಲಿ ಯಾವ ದೇಶದ, ಯಾವ ರಾಜ್ಯದ ಕಾನೂನು ಅನ್ವಯವಾಗುತ್ತದೆ ಎಂಬ ಸಾಲು ಇರುವುದುಂಟು; ಆಗ ಈ ರಕ್ಷಣೆಯನ್ನೇ ನೆಚ್ಚಿಕೊಂಡು ಕೂರಲಾಗದು. ಕನ್ನಡ ಪತ್ರಿಕೆಗಳ ಕಥೆ ಇದಕ್ಕೆ ತಿರುಗಾಮುರುಗಾ: ಇಲ್ಲಿ ಬಿಡಿ ಕವಿತೆಗೆ ಲಿಖಿತ ಒಪ್ಪಂದವೇ ಅಪರೂಪ, ಆದ್ದರಿಂದ ಪ್ರಕಟಣೆಯ ಬಳಿಕವೂ ಒಡೆತನ ನಿಮ್ಮಲ್ಲೇ ಉಳಿಯುತ್ತದೆ. ಆದರೆ ನಮ್ಮ ಪತ್ರಿಕೆಗಳು ‘ಅಪ್ರಕಟಿತ, ಬೇರೆಲ್ಲೂ ಕಳಿಸಿಲ್ಲ’ ಎಂಬ ದೃಢೀಕರಣವನ್ನು ಬಯಸುತ್ತವೆ. ಕನ್ನಡ ಪಠ್ಯ ಅಪ್ರಕಟಿತವೆಂಬುದು ನಿಜವಾದರೂ, ಇಂಗ್ಲಿಷ್ ರೂಪ ಇಂಥ ಪತ್ರಿಕೆಯಲ್ಲಿ ಬಂದಿದೆ ಎಂಬುದನ್ನು ಸಂಪಾದಕರಿಗೆ ಪತ್ರದಲ್ಲಿಯೇ ತಿಳಿಸಿಬಿಡಿ. ಆಮೇಲೆ ಬೇರೆಯವರಿಂದ ತಿಳಿದರೆ ಮುಚ್ಚಿಟ್ಟಂತಾಗುತ್ತದೆ. ಅಷ್ಟೇ ಮುಖ್ಯವಾಗಿ, ಇಂಗ್ಲಿಷ್ ಕವಿತೆಯ ಸುದ್ದಿ ಹಂಚುವ ಭರದಲ್ಲಿ ‘ಇದರ ಮೂಲ ಇಲ್ಲಿದೆ’ ಎಂದು ಕನ್ನಡ ಪಠ್ಯವನ್ನು ಬಳಗಕ್ಕೆ ಹಾಕಬೇಡಿ. ನಿಮ್ಮೂರಿನ ಗೆಳೆಯರು ಕೇಳಿಯೇ ಕೇಳುತ್ತಾರೆ. ಕನ್ನಡ ಪತ್ರಿಕೆಯಲ್ಲಿ ಬರಲಿ, ಆಮೇಲೆ ಕೊಡುತ್ತೇನೆ ಎಂದು ಹೇಳಿ, ಅಥವಾ ಪರಿಷತ್ತಿನ ತಿಂಗಳ ಸಭೆಯಲ್ಲಿ ಓದಿ. ಸಭೆಯಲ್ಲಿ ಓದಿದ್ದನ್ನು ಸಾಮಾನ್ಯವಾಗಿ ಯಾರೂ ಪ್ರಕಟಣೆ ಎಂದು ಎಣಿಸುವುದಿಲ್ಲ, ಅದನ್ನು ಯೂಟ್ಯೂಬಿಗೆ ಏರಿಸದಿದ್ದರೆ.

ಮುಂದಿನ ಕವಿತೆಗಳಿಗೆ ಇನ್ನೊಂದು ದಾರಿಯನ್ನೂ ಯೋಚಿಸಿ. ಸ್ಟ್ರೇಂಜ್ ಹೊರೈಜನ್ಸ್‌ನವರು 2017ರಿಂದ ‘ಸಮೊವಾರ್’ ಎಂಬ ಅನುವಾದದ ಪತ್ರಿಕೆಯನ್ನು ನಡೆಸುತ್ತಿದ್ದಾರೆ. ಅದರಲ್ಲಿ ಅನುವಾದದ ಜೊತೆಗೆ ಮೂಲಭಾಷೆಯ ಪಠ್ಯವನ್ನೂ ಪ್ರಕಟಿಸುತ್ತಾರೆ. ನಿಮ್ಮಂತೆ ಕನ್ನಡದಲ್ಲಿ ಹುಟ್ಟಿದ ಕವಿತೆಯನ್ನು ಇಂಗ್ಲಿಷ್ ಕವಿತೆಯೆಂದು ಕಳಿಸುವುದಕ್ಕಿಂತ ಅನುವಾದವೆಂದೇ ಕಳಿಸುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಕನ್ನಡ ಲಿಪಿ ಆ ಪುಟದಲ್ಲಿ ಇದ್ದರೆ ನೀವು ಕಳಿಸುವ ಕೊಂಡಿಯನ್ನು ತೆರೆಯುವ ನಿಮ್ಮ ತಾಯಿಯೂ ಕವಿತೆಯನ್ನು ಓದಬಹುದು. ಆದರೆ ಹಾಗೆ ಪ್ರಕಟವಾದ ಕನ್ನಡ ಪಠ್ಯ ಮತ್ತೆ ಕನ್ನಡ ಪತ್ರಿಕೆಗೆ ಅಪ್ರಕಟಿತವಾಗಿ ಉಳಿಯುವುದಿಲ್ಲ ಎಂಬುದನ್ನು ಮೊದಲೇ ತೂಗಿ ನೋಡಿ. ಅನುವಾದಕ್ಕೆ ಯಂತ್ರದ ನೆರವು ಪಡೆಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಬರಹಗಳ ನೆರೆ ಬಂದು ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ಕಥಾಪತ್ರಿಕೆ 2023ರ ಫೆಬ್ರುವರಿಯಲ್ಲಿ ಬರಹ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಲ್ಲಿಂದೀಚೆಗೆ ಈ ವಲಯದ ಅನೇಕ ಪತ್ರಿಕೆಗಳು ಅಂಥ ನೆರವು ಪಡೆದಿಲ್ಲವೆಂದು ಬರೆದುಕೊಡಲು ಕೇಳುತ್ತವೆ.

ಊರಿನ ದಿನಪತ್ರಿಕೆಗಳಿಗೆ ಸುದ್ದಿ ಕೊಡುವಾಗ ಬೇರೆಯ ಎಚ್ಚರ ಬೇಕು. ವಾಟ್ಸ್‌ಆ್ಯಪ್ ಸಂದೇಶವನ್ನು ನೀವು ತಿದ್ದಬಹುದು, ಅಚ್ಚಾದ ಸುದ್ದಿಯನ್ನಲ್ಲ. ವರದಿಗಾರರಿಗೆ ಬಾಯಿಮಾತಿನಲ್ಲಿ ಹೇಳದೆ, ನೂರು ಪದದೊಳಗಿನ ಬರಹವನ್ನು ನೀವೇ ಸಿದ್ಧಪಡಿಸಿ ಕೊಡಿ. ‘ಕವಿತೆ ಪ್ರಕಟ’ ಎಂದದ್ದು ‘ಅಂತಾರಾಷ್ಟ್ರೀಯ ಗೌರವ’ ಎಂಬ ತಲೆಬರಹವಾಗುವುದು ನಮ್ಮಲ್ಲಿ ಒಂದೇ ರಾತ್ರಿಯ ಕೆಲಸ. ಅದು ಕೆಡುಕಿನಿಂದಲ್ಲ, ಅಭಿಮಾನದಿಂದ ಆಗುವಂಥದು. ಪ್ರಶಸ್ತಿಗಳ ವಿಷಯದಲ್ಲಿ ಈ ಅಪಾಯ ಇಮ್ಮಡಿ. ಈ ಕ್ಷೇತ್ರದ ಹಳೆಯ ಕಾವ್ಯಪ್ರಶಸ್ತಿ ‘ರೈಸ್ಲಿಂಗ್’. ರಾಬರ್ಟ್ ಹೈನ್‌ಲೈನ್ 1947ರಲ್ಲಿ ಬರೆದ ಕಥೆಯೊಂದರಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುತ್ತ ಹಾಡುವ ಕುರುಡು ಕವಿಯ ಹೆಸರದು. ಮೇಲೆ ಹೇಳಿದ ಕಾವ್ಯಸಂಘವೇ ಅದನ್ನು ಕೊಡುತ್ತದೆ. ಐವತ್ತು ಸಾಲು ಮತ್ತು ಅದಕ್ಕೂ ಹೆಚ್ಚಿನ ಕವಿತೆ ದೀರ್ಘ ವಿಭಾಗಕ್ಕೆ, ಅದಕ್ಕಿಂತ ಚಿಕ್ಕದು ಕಿರು ವಿಭಾಗಕ್ಕೆ. ಹತ್ತು ಸಾಲಿನೊಳಗಿನ ಕವಿತೆಗಳಿಗೆ ‘ಡ್ವಾರ್ಫ್ ಸ್ಟಾರ್ಸ್’ ಎಂಬ ಬೇರೆ ಪ್ರಶಸ್ತಿಯೇ ಇದೆ. ಸಂಘದ ಸದಸ್ಯರು ಕವಿತೆಗಳನ್ನು ಸೂಚಿಸುತ್ತಾರೆ. ಯಾರೋ ಒಬ್ಬ ಸದಸ್ಯರು ನಿಮ್ಮ ಕವಿತೆಯನ್ನು ಸೂಚಿಸಿದರೆ ಅದು ಸಂತೋಷದ ಸಂಗತಿಯೇ, ಆದರೆ ಅದು ಅಂತಿಮ ಪಟ್ಟಿಯೂ ಅಲ್ಲ, ಪ್ರಶಸ್ತಿಯಂತೂ ಅಲ್ಲ. ಸೂಚನೆ, ಅಂತಿಮ ಪಟ್ಟಿ, ಪ್ರಶಸ್ತಿ ಎಂಬ ಮೂರನ್ನೂ ಸುದ್ದಿಯಲ್ಲಿ ಬೇರೆಬೇರೆಯಾಗಿಯೇ ಬರೆಯಿರಿ.

ವರ್ಷಾಂತ್ಯದಲ್ಲಿ, ಇಲ್ಲಿಯವರಿಗಲ್ಲದೆ ಆ ವಲಯದ ಓದುಗರಿಗೆ ಮಾತ್ರ, ಇಂಗ್ಲಿಷಿನಲ್ಲಿ ಇನ್ನೊಂದು ಪುಟ್ಟ ಪ್ರಕಟಣೆ ಬೇಕಾಗುತ್ತದೆ: ಈ ವರ್ಷ ನನ್ನ ಇಂತಿಂಥ ಕವಿತೆಗಳು ಬಂದಿವೆ, ಪತ್ರಿಕೆ ಇದು, ತಿಂಗಳು ಇದು, ಸಾಲುಗಳು ಇಷ್ಟು. ಇದನ್ನು ಅಲ್ಲಿ ಯಾರೂ ಜಂಬವೆನ್ನುವುದಿಲ್ಲ, ಸೂಚಿಸುವವರಿಗೆ ಕೊಡುವ ಮಾಹಿತಿಯೆಂದೇ ಬಗೆಯುತ್ತಾರೆ. ಕವಿತೆಗೆ ಆ ವಲಯದಲ್ಲಿ ಈಗ ಮೊದಲಿಗಿಂತ ಗಮನ ಹೆಚ್ಚು. 2025ರಲ್ಲಿ ಸಿಯಾಟಲ್‌ನಲ್ಲಿ ನಡೆದ ವರ್ಲ್ಡ್‌ಕಾನ್ ಎಂಬ ವೈಜ್ಞಾನಿಕ ಕಲ್ಪನೆಯ ವಿಶ್ವಸಮ್ಮೇಳನ ತಾನು ಕೊಡುವ ಹ್ಯೂಗೋ ಪ್ರಶಸ್ತಿಗಳಿಗೆ ‘ಅತ್ಯುತ್ತಮ ಕವಿತೆ’ ಎಂಬ ವಿಶೇಷ ವಿಭಾಗವನ್ನು ಸೇರಿಸಿತ್ತು. ಇವೆಲ್ಲ ಪ್ರಕಟಣೆಯ ವರ್ಷವನ್ನು ಹಿಡಿದು ನಡೆಯುವುದರಿಂದ, ಡಿಸೆಂಬರ್ ಸಂಚಿಕೆ ಜನವರಿಯಲ್ಲಿ ಕೈಸೇರಿದರೂ ಸಂಚಿಕೆಯ ಮೇಲಿರುವ ದಿನಾಂಕವನ್ನೇ ಬರೆಯಿರಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ವಿಷಯ. ಅಂತರ್ಜಾಲದ ಪತ್ರಿಕೆ ನಿಂತಾಗ ಅದರ ಪುಟಗಳೂ ಒಂದು ದಿನ ಕಣ್ಮರೆಯಾಗಬಹುದು. 2006ರಲ್ಲಿ ಆರಂಭವಾಗಿ ಅದ್ಭುತ ಕಾವ್ಯಕ್ಕೆ ಹೆಸರಾಗಿದ್ದ ‘ಗಾಬ್ಲಿನ್ ಫ್ರೂಟ್’ ಹೊಸ ಸಂಚಿಕೆಗಳನ್ನು ನಿಲ್ಲಿಸಿ ವರ್ಷಗಳೇ ಆದವು. ನಿಮ್ಮ ಕವಿತೆಯ ಪುಟವನ್ನು ಕೊಂಡಿ ಮತ್ತು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿಯೂ ಉಳಿಸಿ, ಒಪ್ಪಂದದ ಪ್ರತಿಯನ್ನೂ ಸ್ವೀಕಾರಪತ್ರವನ್ನೂ ಅದೇ ಕಡತದಲ್ಲಿಡಿ. ಮುಂದೆ ಸಂಕಲನ ತರುವಾಗ ಪ್ರಕಾಶಕರು ಮೊದಲು ಕೇಳುವುದು ಈ ಕಾಗದಗಳನ್ನೇ. ಅಚ್ಚಿನ ಪತ್ರಿಕೆಯ ಗೌರವಪ್ರತಿ ಒಂದಕ್ಕಿಂತ ಹೆಚ್ಚು ಬಂದಿದ್ದರೆ ಒಂದನ್ನು ಚಿತ್ರದುರ್ಗದ ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ; ಊರಿನವರು ಕವಿತೆಯನ್ನು ಪೂರ್ತಿಯಾಗಿ ಓದಲು ಒಪ್ಪಂದದ ಯಾವ ಸಾಲೂ ಅಡ್ಡ ಬಾರದ ಜಾಗ ಅದೊಂದೇ.